ಗಬಾಳ ಮನುಷ್ಯನ ಗುರುವಾರಗಳು

೫ ಜನವರಿ ೨೦೨೫, ಭಾನುವಾರ, ಬೈಲಹೊಂಗಲ

ಇವತ್ತು ಊರ ಮುಂದೆ ಮಾನ ಹರಾಜಾಗುವುದೊಂದು ಬಾಕಿ ಇತ್ತು, ಅದೂ ಆಯಿತು. ಮಗಳು ಪ್ರಜ್ಞಾಳನ್ನು ನೋಡಲು ರಾಮದುರ್ಗದವರು ಬಂದಿದ್ದರು. ಹುಡುಗನ ಹೆಸರು ಗೌತಮ, ಕಿತ್ತೂರಿನ ದನದ ದವಾಖಾನೆಯಲ್ಲಿ ಕೆಲಸ. ಅವನ ತಾಯಿ ಅನ್ನಪೂರ್ಣಾ, ಗಂಡ ತೀರಿದ ಮೇಲೆ ಮನೆಯಲ್ಲೇ ನಾಲ್ಕು ಕರೆಂಟಿನ ಮಗ್ಗ ನಡೆಸಿ ಮಗನನ್ನು ಓದಿಸಿದ ಹೆಣ್ಣುಮಗಳು. ನಡುವೆ ನಿಂತು ಮಾತು ತಂದವನು ಮುದಕಪ್ಪ. ಮಗಳು ಬೆಳಗಾವಿಯಿಂದ ನರ್ಸ್ ಡ್ಯೂಟಿ ಬದಲಿ ಮಾಡಿಕೊಂಡು ಬಂದಿದ್ದಳು. ನಾನು ಐದಕ್ಕೇ ಎದ್ದು ಕಿಟಕಿಯ ಪರದೆಗೂ ಇಸ್ತ್ರಿ ಹೊಡೆದಿದ್ದೆ.

ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದ ನನ್ನ ಗಂಡ ಭೀಮಶಿ ಹನ್ನೆರಡೂವರೆಗೆ ಬಂದ, ಸೀದಾ ತನ್ನ ಮೋಟಾರ್ ರಿಪೇರಿ ಅಂಗಡಿಯಿಂದ. ಅಂಗಿಯ ಒಳಮೈ ಹೊರಗೆ. ತೋಳಿನ ಮೇಲೆ ವಾರ್ನಿಶ್. ಒಂದು ಗುಂಡಿ ಹೋದ ಜಾಗದಲ್ಲಿ ತಾಮ್ರದ ತಂತಿ ಸುತ್ತಿಕೊಂಡಿದ್ದ. ಬಂದವರೆಲ್ಲ ಆ ತಂತಿಯನ್ನೇ ನೋಡುತ್ತ ಕುಳಿತರು. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ನಕ್ಕು ಸಾವರಿಸಬೇಕಲ್ಲ, ಅಂದೆ: "ಇವರು ಒಂದ್ ನಮೂನಿ ಗಬಾಳ ಅದಾರ್ರಿ. ಇಪ್ಪತ್ಮೂರು ವರ್ಷಾತು, ಹೇಳಿ ಹೇಳಿ ಸಾಕಾಗೈತಿ. ನೀವೇನ್ ಮನಸಿಗಿ ಹಚ್ಕೋಬ್ಯಾಡ್ರಿ."

ಎಲ್ಲರೂ ನಕ್ಕರು. ಭೀಮಶಿಯೂ ನಕ್ಕ. ಅನ್ನಪೂರ್ಣಾ ಒಬ್ಬರು ನಗಲಿಲ್ಲ. "ನೀವು ಇಸ್ತ್ರಿ ಮಾಡಿ ಕೊಡಂಗಿಲ್ಲೇನ್ರಿ?" ಎಂದು ಕೇಳಿದರು. ಎಂಥಾ ಅಧಿಕಪ್ರಸಂಗ. "ಅವರ ಅಂಗಿ ಅವರದು, ನನ್ನ ಸೀರಿ ನಂದು" ಅಂದೆ.

ಸವದತ್ತಿಯಲ್ಲಿ ನಮ್ಮಪ್ಪ ಹನುಮಪ್ಪ ಕೂಲಿಗೆ ಹೋಗುವಾಗಲೂ ತಂಬಿಗೆಯಲ್ಲಿ ಕೆಂಡ ತುಂಬಿ ಅಂಗಿಯ ಮೇಲೆ ಎಳೆದುಕೊಂಡೇ ಹೊಸ್ತಿಲು ದಾಟುತ್ತಿದ್ದ. "ನಮ್ಮ ಜಾತಿ ಕೇಳೂಕಿಂತ ಮೊದಲ ಮಂದಿ ನಮ್ಮ ಅಂಗಿ ನೋಡತಾರ. ಅಂಗಿ ನೋಡೇ ಅವರ ಬಾಯಿ ಮುಚ್ಚಬೇಕು" ಅನ್ನುತ್ತಿದ್ದ. ಅಂಥವನ ಮಗಳು ನಾನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ನಿಂತರೆ ನನ್ನ ಸೀರೆಯ ನೆರಿಗೆ ಒಂದು ಬೆರಳೂ ಆಚೀಚೆ ಆಗುವುದಿಲ್ಲ. ನನಗೆ ಗಂಟು ಬಿದ್ದದ್ದು ಇಂಥಾದ್ದು.

೧೨ ಜನವರಿ, ಭಾನುವಾರ

ರಾಮದುರ್ಗದಿಂದ ಫೋನಿಲ್ಲ. ಮುದಕಪ್ಪನಿಗೆ ಹಚ್ಚಿದರೆ "ನೋಡೂನ್ರಿ ಬಾಯಾರ, ಗಡಿಬಿಡಿ ಯಾಕ" ಅನ್ನುತ್ತಾನೆ. ಅವನ ದನಿಯಲ್ಲಿ ಏನೋ ಇದೆ. ಆ ತಾಮ್ರದ ತಂತಿಯೇ ನನ್ನ ಮಗಳ ಸಂಬಂಧ ಕೆಡಿಸಿತು, ಬರೆದಿಡುತ್ತೇನೆ.

೧೬ ಜನವರಿ, ಗುರುವಾರ

ಇವತ್ತು ಸೂರ್ಯ ಯಾವ ದಿಕ್ಕಿಗೆ ಹುಟ್ಟಿದನೋ. ಭೀಮಶಿ ಗಡ್ಡ ಬೋಳಿಸಿಕೊಂಡು, ತಲೆ ಬಾಚಿ, ಕಡಕ್ ಇಸ್ತ್ರಿಯ ತಿಳಿನೀಲಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ನಾನು ಟಿಫಿನ್ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು ಹಾಗೇ ನಿಂತೆ.

"ಎಲ್ಲಿಗಿ ಸವಾರಿ?" ಅಂದೆ.

"ಸವದತ್ತಿಗೆ. ಒಂದ್ ಮೋಟಾರ್ ಕೆಟ್ಟೈತಂತ."

ಮೋಟಾರ್ ಬಿಚ್ಚಲು ಹೋಗುವವನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಾನೆಯೇ? ನನ್ನನ್ನು ನೋಡಲು ಬಂದ ದಿನವೂ ಈ ಮನುಷ್ಯ ಇಷ್ಟು ಸಜ್ಜಾಗಿರಲಿಲ್ಲ.

೨೩ ಜನವರಿ, ಗುರುವಾರ

ಮತ್ತೆ ಹೋದ. ಈ ಸಲ ಬಿಳಿ ಅಂಗಿ. ಸಂಜೆ ಆರಕ್ಕೆ ಬಂದಾಗ ನೆವ ತೆಗೆದು ಹತ್ತಿರ ನಿಂತು ಪರೀಕ್ಷೆ ಮಾಡಿದೆ. ಉಗುರಿನಲ್ಲಿ ವಾರ್ನಿಶ್ ಕಪ್ಪು ಇದೆ, ಕುತ್ತಿಗೆಯಲ್ಲಿ ಬೆವರು ಒಣಗಿದೆ. ಅಂಗಿ ಮಾತ್ರ ಬೆಳಿಗ್ಗೆ ಹೋದ ಹಾಗೇ ಇದೆ, ಬೆನ್ನಿನ ಮಡಿಕೆಯೂ ಮುರಿದಿಲ್ಲ.

ಅಂದರೆ ಕೆಲಸದ ಹೊತ್ತಿನಲ್ಲಿ ಅಂಗಿ ಮೈಮೇಲೆ ಇರಲಿಲ್ಲ. ಎಲ್ಲಿ ಬಿಚ್ಚಿಟ್ಟಿದ್ದ? ಇಪ್ಪತ್ಮೂರು ವರ್ಷದಲ್ಲಿ ಹೊಲದ ಕೆಸರಿನಲ್ಲೂ ಅಂಗಿ ಬಿಚ್ಚಿ ಕೆಲಸ ಮಾಡಿದವನಲ್ಲ. ಯಾರ ಮನೆಯ ಗೂಟಕ್ಕೆ ತೂಗುಹಾಕಿದ್ದ?

೨೬ ಜನವರಿ, ಭಾನುವಾರ

ಧ್ವಜ ಹಾರಿಸಿ ಬರುತ್ತ ಮುತ್ತಪ್ಪನ ಇಸ್ತ್ರಿ ಅಂಗಡಿಗೆ ಹೋದೆ. "ನಮ್ಮನ್ಯಾವರು ಅಂಗಿ ತಂದು ಕೊಡತಾರೇನ?" ಅಂದೆ.

ಮುತ್ತಪ್ಪ ಇಸ್ತ್ರಿಪೆಟ್ಟಿಗೆ ಎತ್ತಿ ಬದಿಗಿಟ್ಟ. "ಬುಧವಾರಕ್ಕೊಮ್ಮೆ ಕೊಡತಾರ್ರಿ ಬಾಯಾರ. ನಿಮಗ ಹೇಳಬ್ಯಾಡ ಅಂದಾರ. ನಾ ಹೇಳಿಲ್ಲ ನೋಡ್ರಿ ಮತ್ತ."

ಕದ್ದು ಇಸ್ತ್ರಿ ಮಾಡಿಸುತ್ತಾನೆ. ಹೆಂಡತಿಯಿಂದ ಬಚ್ಚಿಟ್ಟು ಸಿಂಗಾರ ಮಾಡಿಕೊಳ್ಳುವ ಗಂಡಸು ಹೆಂಡತಿಗಾಗಿ ಮಾಡಿಕೊಳ್ಳುವುದಿಲ್ಲ, ಇದನ್ನು ತಿಳಿಯಲು ಬಿ.ಎಡ್. ಬೇಕಿಲ್ಲ.

ಹೆಡ್‌ಮಾಸ್ಟರ್ ಇವತ್ತು "ರೇಣು ಬಾಯಾರ, ಆರಾಮ ಅದೀರೋ ಇಲ್ಲೋ?" ಎಂದು ಕೇಳಿದರು. ಮನೆಗೆ ಬಂದು ನೋಡಿದರೆ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ. ಅದೇನು ದೊಡ್ಡ ವಿಷಯವಲ್ಲ.

೩೦ ಜನವರಿ, ಗುರುವಾರ

ಅವನ ಕೂದಲಲ್ಲಿ ಅರಳೆಯ ಧೂಳು. ಪ್ಯಾಂಟಿನ ಮೊಣಕಾಲಿಗೆ ಒಂದು ಗೇಣು ಕೆಂಪು ನೂಲು ಅಂಟಿತ್ತು. ಸೀರೆಯ ಸೆರಗಿನ ನೂಲು, ಹೆಂಗಸಿಗೆ ಗೊತ್ತಾಗುತ್ತದೆ. ಈ ಪುಟದಲ್ಲೇ ಮಡಚಿಟ್ಟಿದ್ದೇನೆ. ಬೇಕಾದಾಗ ಮುಂದಿಡಲು ಒಂದು ಸಾಕ್ಷಿ ಬೇಕು.

೨ ಫೆಬ್ರವರಿ, ಭಾನುವಾರ

ತಡೆಯಲಾಗದೆ ಎದುರು ಮನೆಯ ಲೀಲಾಬಾಯಿಯವರ ಹತ್ತಿರ ಹೋಗಿ ಕುಳಿತೆ. ಎಂಬತ್ತು ದಾಟಿದ್ದಾರೆ, ಮರಾಠಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮನೆಯ ಗುಟ್ಟು ಹೇಳುವ ಹಾಗಿಲ್ಲ. ಅದಕ್ಕೆ ಸುತ್ತಿ ಬಳಸಿ, "ಗಬಾಳ ಇದ್ದ ಮನುಷ್ಯಾ ಒಮ್ಮಿಂದೊಮ್ಮೆ ನೀಟ ಆದ್ರ ಏನ್ ಅರ್ಥರೀ ಬಾಯಾರ?" ಅಂದೆ.

ಅವರು ಅಡಿಕೆ ಕತ್ತರಿಸುತ್ತಿದ್ದರು. "ಅರ್ಥ ಆಮ್ಯಾಲೆ. ಗಬಾಳ ಅಂದ್ರೇನು, ಅದಾದ್ರೂ ಗೊತ್ತದ ಏನು ನಿನಗ?" ಅಂದರು.

"ಅರಿವಿ ನೆಟ್ಟಗ ಹಾಕ್ಕೊಳ್ಳದಾವ."

"ಅದು ಈಗ. ನಮ್ಮ ಮರಾಠಿಯೊಳಗ ಗಬಾಳ ಅಂದ್ರ ಗಂಟುಮೂಟಿ. ಕತ್ತೆ ಮ್ಯಾಲ ಹೇರಿಕೊಂಡು ಊರೂರು ತಿರಗತಾರಲಾ, ಬೋಗಾಣಿ, ಹಾಸಿಗಿ, ಹರಕು ಅರಿವಿ, ಎಲ್ಲಾ ಕೂಡಿಸಿ ಕಟ್ಟಿದ ಗಂಟು, ಅದಕ್ಕ ಗಬಾಳ ಅಂತಾರ. ಒಂದು ಕಟ್ಟೂದ್ರಾಗ ಇನ್ನೊಂದು ಜೋತು ಬೀಳತದ. ಹಂಗ ಜೋತು ಬಿದ್ದಂಗ ಕಾಣೋ ಮನುಷ್ಯಾಗ ಗಬಾಳ್ಯಾ ಅಂದ್ರು. ನಮ್ಮ ಅಜ್ಜಿ ಹಂಗ ಹೇಳತಿದ್ದಳು. ಮನಿ ಇದ್ದಾವರು ಮನಿ ಇಲ್ದಾವರಿಗೆ ಅಂದ ಮಾತು ಅದು."

ಇದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಶಬ್ದಗಳನ್ನೇ ಕಲಿಸುತ್ತ ಹೊಟ್ಟೆ ಹೊರೆದವಳು ನಾನು. ಊಟಕ್ಕೆ ಬಡಿಸುವಾಗ ಭೀಮಶಿಗೆ ಹೇಳಿದೆ. ಅವನು ಮುರಿಯುತ್ತಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟ.

"ಖರೇ ಐತಿ ತಗೋ" ಅಂದ. "ನಾ ಹುಟ್ಟಿದ್ದ ಮಲಪ್ರಭಾ ಕಾಲುವಿ ಕೆಲಸದ ಗುಡಸಲದಾಗ. ಕಾಲುವಿ ಮುಂದ ಹೋದಂಗ ನಾವೂ ಮುಂದ. ನಮ್ಮವ್ವ ಕೃಷ್ಣವ್ವನ ತಲಿ ಮ್ಯಾಲ ಒಂದ್ ಕೌದಿ ಗಂಟು, ಅದರಾಗ ಎಲ್ಲಾರ ಅರಿವಿ. ಮುಂಜಾನಿ ಎದ್ದು ಕೈ ಹಾಕಿದ್ರ ಏನ್ ಸಿಗತೈತೋ ಅದ ನನ್ನ ಅಂಗಿ. ಅಪ್ಪಂದಿರಲಿ, ಅಣ್ಣಂದಿರಲಿ, ಸೀದಾ ಇರಲಿ, ಉಲ್ಟಾ ಇರಲಿ. ಮೈ ಮುಚ್ಚಿದ್ರ ಸಾಕಾಗಿತ್ತು. ಅದ ರೂಢಿ ಆತು."

"ಇಷ್ಟ ವರ್ಷ ಯಾಕ ಹೇಳಿಲ್ಲ?"

"ನೀ ಕೇಳಲಿಲ್ಲ."

ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಆಮೇಲೆ ಯೋಚಿಸಿದೆ. ಇಪ್ಪತ್ಮೂರು ವರ್ಷ ಬಾಯಿ ಬಿಡದವನು ಇದೇ ತಿಂಗಳು ಯಾಕೆ ಬಿಟ್ಟ? ನನ್ನ ಮನಸ್ಸು ಮೆತ್ತಗೆ ಮಾಡಲು ಇರಬಹುದು. ಗುರುವಾರದ ಉತ್ತರ ಇದರಲ್ಲಿ ಇಲ್ಲ.

೬ ಫೆಬ್ರವರಿ, ಗುರುವಾರ

ಸಿಕ್ಕಿತು. ಪ್ಯಾಂಟು ಒಗೆಯಲು ತೆಗೆದಾಗ ಜೇಬಿನಲ್ಲಿ ಬಸ್ ಟಿಕೆಟ್. ಸವದತ್ತಿಯಿಂದ ರಾಮದುರ್ಗಕ್ಕೆ. ನನಗೆ ಹೇಳುವುದು ಸವದತ್ತಿ, ಹೋಗುವುದು ರಾಮದುರ್ಗ. ಇನ್ನು ಊಹೆಯ ಮಾತಿಲ್ಲ. ಸುಳ್ಳು ಹೇಳಿದ್ದಾನೆ.

೯ ಫೆಬ್ರವರಿ, ಭಾನುವಾರ

ಪ್ರಜ್ಞಾ ಫೋನ್ ಮಾಡಿದ್ದಳು. "ಅವ್ವಾ, ರಾಮದುರ್ಗದಾವರು ಬ್ಯಾಡ ಅಂದಿದ್ರ ನನಗ ಹೇಳಿಬಿಡು. ನಾ ಅಳಂಗಿಲ್ಲ" ಅಂದಳು. ಅಳುತ್ತಲೇ ಇದ್ದಳು. ಹುಡುಗ ಮನಸ್ಸಿಗೆ ಬಂದಿದ್ದಾನೆ. ಒಂದು ಕಡೆ ಮಗಳ ಸಂಬಂಧ ನೂಲಿನ ಮೇಲೆ ನಿಂತಿದೆ, ಇನ್ನೊಂದು ಕಡೆ ಅಪ್ಪ ಅದೇ ಊರಿನಲ್ಲಿ ಯಾರದೋ ಮನೆಯಲ್ಲಿ ಅಂಗಿ ಬಿಚ್ಚುತ್ತಿದ್ದಾನೆ. ಇದು ಅನ್ನಪೂರ್ಣಾ ಅವರ ಕಿವಿಗೆ ಬಿದ್ದರೆ ಮುಗಿಯಿತು. ಬಿದ್ದಿದೆಯೋ ಏನೋ, ಅದಕ್ಕೇ ಸುಮ್ಮನಿದ್ದಾರೋ ಏನೋ. ಗುರುವಾರಕ್ಕೆ ರಜೆ ಬರೆದುಕೊಟ್ಟೆ.

ತಲೆ ಬಾಚಿಕೊಂಡು ಎರಡು ದಿನವಾಯಿತು.

೧೪ ಫೆಬ್ರವರಿ, ಶುಕ್ರವಾರ, ಬೆಳಿಗ್ಗೆ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಬರೆಯಲು ಆಗಲಿಲ್ಲ.

ಅವನು ಹೊರಟ ಮೇಲೆ ಕೈಗೆ ಸಿಕ್ಕ ಸೀರೆ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಎಳೆದು, ಅದೇ ಬಸ್ಸಿನ ಹಿಂದಿನ ಬಾಗಿಲಿನಿಂದ ಹತ್ತಿದೆ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲೆ ಗಂಡನ ಬೆನ್ನು ಹತ್ತುವುದೂ ಪುಕ್ಕಟೆ. ಸವದತ್ತಿ ಸ್ಟ್ಯಾಂಡಿನಲ್ಲಿ ಭಾರತ ಹುಣ್ಣಿಮೆಯ ಜಾತ್ರೆ ಮುಗಿಸಿ ಊರಿಗೆ ಹೊರಟವರ ಗದ್ದಲ, ಮೈಮೇಲೆಲ್ಲ ಅರಿಶಿನದ ಭಂಡಾರ. ಆ ಗದ್ದಲದಲ್ಲಿ ಯಾರು ಯಾರನ್ನು ನೋಡುತ್ತಾರೆ? ರಾಮದುರ್ಗದ ಬಸ್ಸಿನಲ್ಲೂ ಅವನಿಗೆ ನಾನು ಕಾಣಲಿಲ್ಲ. ಕಿಟಕಿಯ ಹತ್ತಿರ ಕುಳಿತು ಅಂಗಿ ಮುದುಡಬಾರದೆಂದು ಬೆನ್ನು ಆನಿಸದೆ ನೆಟ್ಟಗೆ ಕುಳಿತಿದ್ದ. ಎರಡು ತಾಸು ಹಾಗೇ ಕುಳಿತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಯಾರಿಗಾಗಿ ಇಷ್ಟು ಜೋಪಾನ?

ರಾಮದುರ್ಗದಲ್ಲಿ ಇಳಿದು ಎರಡು ಓಣಿ ದಾಟಿ ತಗಡು ಹೊದಿಸಿದ ಒಂದು ಪತ್ರಾಸದ ಮನೆ ಹೊಕ್ಕ. ನಾನು ಹತ್ತು ನಿಮಿಷ ಎದುರಿನ ಕಟ್ಟೆಯ ಮೇಲೆ ಕುಳಿತೆ. ಆಮೇಲೆ ತಡೆಯಲಿಲ್ಲ. ಬಾಗಿಲು ತೆರೆದೇ ಇತ್ತು. ಪಡಸಾಲೆಯ ಗೂಟದ ಮೇಲೆ ಅವನ ಬಿಳಿ ಅಂಗಿ. ಒಳಗಿನಿಂದ ಚಹಾದ ಬಟ್ಟಲು ಹಿಡಿದು ಬಂದ ಹೆಂಗಸು ಅನ್ನಪೂರ್ಣಾ.

ನನ್ನ ಬೀಗತಿ ಆಗಬೇಕಾದವಳು, ಗಂಡನಿಲ್ಲದವಳು. ಆ ಕ್ಷಣ ನಾನು ಏನೇನು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನಗೇ ಓದಲು ನಾಚಿಕೆಯಾಗುತ್ತದೆ.

"ನಮ್ಮನ್ಯಾವರ ಅಂಗಿ ನಿಮ್ಮ ಗೂಟಕ್ಕ ಯಾಕೈತ್ರಿ?" ಅಂದೆ. ದನಿ ನನ್ನದೇ ಅನ್ನಿಸಲಿಲ್ಲ.

ಆಗ ಒಳಗೆ ಮಗ್ಗದ ಕೆಳಗಿನಿಂದ ಎರಡು ಕಾಲು ಸರಿದು ಬಂದವು, ಆಮೇಲೆ ಬನಿಯನ್, ಆಮೇಲೆ ಭೀಮಶಿಯ ಮುಖ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ತಲೆಯ ತುಂಬ ಅರಳೆ. ನನ್ನನ್ನು ನೋಡಿದ. "ಫ್ಯೂಜಿನ ತಂತಿ ತರತೇನಿ" ಎಂದವನೇ ಅಂಗಿಯನ್ನೂ ತೊಡದೆ ಹೊರಗೆ ಹೋಗಿಬಿಟ್ಟ.

"ಬರ್ರಿ, ಕುಂದರ್ರಿ. ಮೊದಲ ನೀರು ಕುಡೀರಿ" ಅಂದರು ಅನ್ನಪೂರ್ಣಾ. ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಹಸಿರು ಸೀರೆಗೆ ನಾನು ಹಳದಿ ಕುಪ್ಪಸ ತೊಟ್ಟಿದ್ದು ಆಗಷ್ಟೇ ಕಂಡಿತು. ಅದರ ಒಂದು ಹುಕ್ಕೂ ಬಿಟ್ಟುಹೋಗಿತ್ತು.

"ಇದು ಐದನೇ ಗುರುವಾರ" ಅಂದರು. "ಗುರುವಾರ ನಮ್ಮ ಮಗ್ಗ ಬಂದ್ ಇರತಾವ. ಮೋಟಾರ್ ನೋಡತೇನಿ ಅಂತ ತಾವ ಬಂದ್ರು, ನಾ ಕರದಿದ್ದಿಲ್ಲ. ಬಂದ ಕೂಡಲೇ ಅಂಗಿ ಬಿಚ್ಚಿ ಗೂಟಕ್ಕ ಹಾಕತಾರ. 'ನಮ್ಮಾಕಿ ಕೈಯಾರೆ ಇಸ್ತ್ರಿ ಮಾಡಿ ಕೊಟ್ಟಾಳ್ರಿ, ಹೊಲಸು ಮಾಡಿದ್ರ ಬ್ಯಾಸರಾ ಮಾಡ್ಕೋತಾಳ' ಅಂತಾರ. ಐದೂ ಸಲ ಅಂದಾರ."

ನನಗೆ ಏನೂ ತಿಳಿಯಲಿಲ್ಲ. "ಯಾಕ?" ಅಂದೆ.

"ಮುದಕಪ್ಪ ಅವರಿಗಿ ಹೇಳಿದ್ದಾ, ನಾವ್ಯಾಕ ಹಿಂದ ಮುಂದ ನೋಡಾಕ ಹತ್ತೇವಿ ಅಂತ."

"ಇವರ ಅಂಗಿ ನೋಡಿ ಸಂಶೇ ಬಂದಿತ್ತು ನಿಮಗ. ನನಗ ಗೊತ್ತೈತಿ."

"ಅವರ ಮ್ಯಾಲ ನಮಗ ಒಂದ್ ದಿನಾನೂ ಸಂಶೇ ಬಂದಿಲ್ರಿ. ಬಂದಿದ್ದು ನಿಮ್ಮ ಮ್ಯಾಲ."

ಅವರು ಚಹಾದ ಬಟ್ಟಲನ್ನು ನನ್ನ ಮುಂದೆ ಸರಿಸಿದರು.

"ನನ್ನ ಮಗಾನೂ ನೀಟ ಅಲ್ರಿ. ದನದ ಕೆಲಸ, ಸಗಣಿ ಉಚ್ಚಿ ಮೈಮ್ಯಾಲ ಇರತೈತಿ. ಸಾಲ್ಯಾಗ ಅವಗ ಹೆಸರ ಹಿಡದು ಯಾರೂ ಕರೀತಿದ್ದಿಲ್ಲ, ಗಬಾಳ್ಯಾ ಅಂತಿದ್ರು. ನಮ್ಮ ಮಂದೀಗೆ ಅಂತಾರ್ರಿ ಹಂಗ, ನಿಮಗೂ ಗೊತ್ತೈತಿ. ಬೀದ್ಯಾಗ ಅಂದ್ರ ಅನ್ನಲಿ. ಅವತ್ತ ನೀವು ಹತ್ತ ಮಂದ್ಯಾಗ ನಕ್ಕೋತ ನಿಮ್ಮ ಗಂಡಗ ಅಂದ್ರಿ. ಈಕಿ ಮಗಳೂ ನಾಳೆ ನನ್ನ ಮಗನ್ನ ಹಿಂಗ ಅಂದಗಿಂದಾಳು ಅಂತ ನನಗ ಹೆದರಿಕಿ ಆತು. ಅಷ್ಟ."

ಒಂದು ತಿಂಗಳಿನಿಂದ ನಾನು ಒಬ್ಬರನ್ನು ಹಿಡಿಯಲು ಹೊಂಚು ಹಾಕಿದ್ದೆ. ಆ ತಿಂಗಳೆಲ್ಲ ನಮ್ಮ ಮನೆಯವರು ವಾರಕ್ಕೊಮ್ಮೆ ಅಷ್ಟು ದೂರ ಬಂದು, ನಾನು ಮಾಡದ ಕೆಲಸವನ್ನು ನಾನೇ ಮಾಡಿದೆನೆಂದು ಹೇಳಿ, ನನ್ನ ಹೆಸರಿಗೆ ಹತ್ತಿದ ಕೊಳೆ ತೊಳೆಯುತ್ತ ಕುಳಿತಿದ್ದರು. ನನಗೆ ಅಳು ಬಂತು. ಅತ್ತುಬಿಟ್ಟೆ.

ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಐದು ಗುರುವಾರ ಇವರು ಆಡಿದ ಸುಳ್ಳು ಹೆಚ್ಚುಕಡಿಮೆ ಕೆಲಸ ಮುಗಿಸಿತ್ತು, ನಾನು ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಎದುರಿಗೆ ಪ್ರಜ್ಞಾಳ ಮುಖ ಬಂತು. ಆದರೂ ಬಾಯಿ ನಿಲ್ಲಲಿಲ್ಲ.

"ಅಕ್ಕಾರ, ನಾ ಇವರ ಅಂಗಿಗೆ ಒಮ್ಮೆನೂ ಇಸ್ತ್ರಿ ಮಾಡಿಲ್ಲ. ಇಪ್ಪತ್ಮೂರು ವರ್ಷದಾಗ ಒಮ್ಮೆನೂ ಇಲ್ಲ. ಅಂಗಡ್ಯಾಗ ಕದ್ದು ಮಾಡಿಸ್ಕೊಂಡು ಬರತಾರ. ನೀವು ಅಂದ್ಕೊಂಡಿದ್ದು ಖರೇ ಐತಿ. ನನ್ನ ಬಾಯಿ ಭಾಳ ಕೆಟ್ಟದ್ದು. ಆದ್ರ ನನ್ನ ಮಗಳು ಅವರಪ್ಪನಂಗ ಅದಾಳ, ನನ್ನಂಗಲ್ಲ. ಅಷ್ಟ ನೋಡ್ರಿ."

ಅನ್ನಪೂರ್ಣಾ ಎದ್ದು ಗೂಟದ ಮೇಲಿನ ಅಂಗಿ ತೆಗೆದು ಕಾಲರ್ ತಿರುವಿ ತೋರಿಸಿದರು. ಒಳಗೆ ಮುತ್ತಪ್ಪ ಗುರುತಿಗೆ ಕಟ್ಟುವ ಕರಿ ದಾರ ಹಾಗೇ ಇತ್ತು. "ಮೊದಲನೇ ಗುರುವಾರದಿಂದ ನೋಡಾಕ ಹತ್ತೇನಿ. ದಾರ ಬಿಚ್ಚೂದು ಗೊತ್ತಾಗಂಗಿಲ್ಲ ಪಾಪ ಅವರಿಗಿ" ಅಂದರು. ಮೊದಲ ಸಲ ನಕ್ಕರು. "ನೀವು ಹೂಂ ಅಂದಿದ್ರ ನಾ ಚಹಾ ಕುಡಿಸಿ ಕಳಸತಿದ್ದೆ. ಬರೂ ಆಯಿತವಾರ ಬರತೇವಿ, ಮಾತು ಮುಗಿಸೂನು."

ತಿರುಗಿ ಬರುವ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಇವರು ಮುನವಳ್ಳಿಯ ಯಾರದೋ ಪಂಪಿನ ವಿಷಯ ತೆಗೆದರು, ನಾನು ಕೇಳಲಿಲ್ಲ.

"ನನಗ ಯಾಕ ಹೇಳಲಿಲ್ರಿ?" ಅಂದೆ.

"ಹೇಳಿದ್ರ ನೀ ಬ್ಯಾಸರಾ ಮಾಡ್ಕೋತಿದ್ದಿ. ನಿನ್ನಿಂದ ಕೆಟ್ಟತು ಅಂತ ತಲ್ಯಾಗ ತುಂಬಿಕೊಂಡು ಕುಂದರತಿದ್ದಿ." ಆಮೇಲೆ ನನ್ನ ಕಡೆ ತಿರುಗಿದರು. "ಅದಿರಲಿ, ನೀ ಯಾಕ ಬಂದಿದ್ದಿ?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ನಿಮ್ಮ ಮ್ಯಾಲ ಸಂಶೇ ಬಂದಿತ್ತು. ಯಾವಾಕಿನೋ ಇಟ್ಕೊಂಡೀರಿ ಅಂತ" ಅಂದೆ.

ಇವರು ನಗತೊಡಗಿದರು. ಮುಂದಿನ ಸೀಟಿನ ಮುದುಕಿ ತಿರುಗಿ ನೋಡುವಷ್ಟು ನಕ್ಕರು. ಕಣ್ಣು ಒರೆಸಿಕೊಂಡು ಅಂದರು, "ನನ್ನ ಮಾರಿ ನೋಡು, ನನ್ನ ಅವತಾರ ನೋಡು. ನನ್ನಂಥಾವನ ಬೆನ್ನ ಹತ್ತಿ ಯಾವಾಕಿ ಬರತಾಳ ಮಾರಾಯ್ತಿ?"

"ನಾ ಬಂದೇನಲ್ರಿ" ಅಂದೆ.

ಇವರು ಕಿಟಕಿಯ ಕಡೆ ಮುಖ ಮಾಡಿದರು. ಸವದತ್ತಿ ಬರುವ ತನಕ, ಅಂಗಿ ಮುದುಡಿದರೂ, ಸೀಟಿಗೆ ಬೆನ್ನು ಆನಿಸಿಯೇ ಕುಳಿತಿದ್ದರು.